ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ಅರಗಿನ ಕಾರ್ಖಾನೆ

ಮೈಸೂರು ಜಿಲ್ಲೆಯಲ್ಲಿ ಕಾವೇರಿಯ ದಡದ ಮೇಲೆ ಎಡತೊರೆ ಎಂಬ ಹಳೆಯ ಊರಿದೆ. ಅರ್ಕೇಶ್ವರ ದೇವಾಲಯದಿಂದ ಹೆಸರಾದ ಈ ಊರಿಗೆ ಕಾವೇರಿಯೇ ಐಶ್ವರ್ಯ, ಕಾವೇರಿಯೇ ಭಯ. ಹೊಳೆ ತುಂಬಿ ಬಂದಾಗಲೆಲ್ಲ ತಗ್ಗಿನ ಬೀದಿಗಳಿಗೆ ನೀರು ನುಗ್ಗಿ ಜನ ಮನೆಮಠಗಳನ್ನು ಬಿಟ್ಟು ಓಡಬೇಕಾಗುತ್ತಿತ್ತು. ಆದ್ದರಿಂದ 1920ರ ದಶಕದಲ್ಲಿ ಎತ್ತರದ ನೆಲವನ್ನು ಆರಿಸಿ, ಅಗಲವಾದ ಬೀದಿಗಳನ್ನು ಎಳೆದು, ಒಂದು ಹೊಸ ಪಟ್ಟಣವನ್ನು ಕಟ್ಟಲಾಯಿತು. ಆಗ ಮೈಸೂರು ಸಂಸ್ಥಾನವನ್ನು ಆಳುತ್ತಿದ್ದ ದೊರೆಯ ಹೆಸರನ್ನೇ ಆ ಪಟ್ಟಣಕ್ಕೆ ಇಟ್ಟರು. ಅದೇ ಇಂದಿನ ಕೃಷ್ಣರಾಜನಗರ.

ಕೃಷ್ಣರಾಜನಗರದಿಂದ ಪಶ್ಚಿಮಕ್ಕೂ ದಕ್ಷಿಣಕ್ಕೂ ಸಾಗಿದರೆ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳು ಸಿಗುತ್ತವೆ. ಗದ್ದೆಯ ಹಸುರು ಕ್ರಮೇಣ ಕಾಡಿನ ಹಸುರಾಗಿ ಮಾರ್ಪಡುವ ಸೀಮೆ ಇದು. ತೇಗ, ಬೀಟೆ, ಹೊನ್ನೆ, ಮತ್ತಿ ಮೊದಲಾದ ಮರಗಳಿಗೆ ಈ ಕಾಡುಗಳು ಪ್ರಸಿದ್ಧವಾದವು. ಹೆಗ್ಗಡದೇವನಕೋಟೆಯ ಕಾಕನಕೋಟೆಯಲ್ಲಿ ಆನೆಗಳನ್ನು ಹಿಡಿಯುವ ಖೆಡ್ಡಾ ನಡೆಯುತ್ತಿತ್ತು. ಅದನ್ನು ನೋಡಲು ವೈಸರಾಯರೂ ವಿದೇಶದ ಅತಿಥಿಗಳೂ ಬರುತ್ತಿದ್ದರು. ಅತಿಥಿಗಳ ಕಣ್ಣಿಗೆ ಕಾಡೆಂದರೆ ಆನೆ, ಹುಲಿ, ಬೇಟೆ. ಆದರೆ ಕಾಡಿನಲ್ಲಿ ಬೆಳೆಯುವುದು ಕಾಡಿನ ಹೊರಗಿನ ಬಡವನಿಗೂ ಅನ್ನವಾಗಬೇಕೆಂಬ ಚಿಂತೆ ಆ ದೊರೆಯ ಆಳ್ವಿಕೆಯಲ್ಲಿ ಮೊಳೆತು ಬೆಳೆಯಿತು. ಆ ದೊರೆ ನಾಲ್ವಡಿ ಕೃಷ್ಣರಾಜ ಒಡೆಯರು.

ಕೃಷ್ಣರಾಜರು 1884ನೆಯ ಇಸವಿ ಜೂನ್ 4ರಂದು ಮೈಸೂರಿನ ಅರಮನೆಯಲ್ಲಿ ಜನಿಸಿದರು. ತಂದೆ ಹತ್ತನೆಯ ಚಾಮರಾಜೇಂದ್ರ ಒಡೆಯರು. ತಾಯಿ ವಾಣಿವಿಲಾಸ ಸನ್ನಿಧಾನವೆಂದು ಖ್ಯಾತರಾದ ಕೆಂಪನಂಜಮ್ಮಣ್ಣಿಯವರು. 1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರರು ಕಲ್ಕತ್ತೆಗೆ ಹೋದವರು ಗಂಟಲುಮಾರಿಗೆ ತುತ್ತಾಗಿ ಅಲ್ಲಿಯೇ ಕಾಲವಾದರು. ಹತ್ತು ವರ್ಷದ ಬಾಲಕನು ಮರುವರ್ಷ ಫೆಬ್ರವರಿಯಲ್ಲಿ ಸಿಂಹಾಸನವನ್ನು ಏರಬೇಕಾಯಿತು. ಮಗ ಪ್ರಾಪ್ತವಯಸ್ಕನಾಗುವವರೆಗೆ ತಾಯಿಯೇ ರಾಜಪ್ರತಿನಿಧಿಯಾಗಿ ನಿಂತರು. ಪತಿವಿಯೋಗದ ದುಃಖವನ್ನು ನುಂಗಿಕೊಂಡು, ದಿವಾನ್ ಶೇಷಾದ್ರಿ ಅಯ್ಯರ್ ಅವರ ನೆರವಿನಿಂದ ಏಳೂವರೆ ವರ್ಷ ರಾಜ್ಯವನ್ನು ನಡೆಸಿದ ಆ ಮಹಾತಾಯಿಯ ಧೈರ್ಯ ಸಾಮಾನ್ಯವಾದುದಲ್ಲ. ಸ್ಟುವರ್ಟ್ ಫ್ರೇಸರ್ ಎಂಬ ಆಂಗ್ಲ ಅಧಿಕಾರಿ ಬಾಲರಾಜರಿಗೆ ಗುರುವಾದರು. ಮುಂದೆ ದಿವಾನರಾದ ಮಿರ್ಜಾ ಇಸ್ಮಾಯಿಲ್ಲರು ಆಗ ಸಹಪಾಠಿಯಾಗಿ ಜೊತೆಯಲ್ಲಿ ಕುಳಿತು ಓದಿದರು.

ಬಾಲ್ಯದ ಒಂದು ಘಟನೆಯನ್ನು ಇಲ್ಲಿ ಹೇಳಲೇಬೇಕು. 1897ರ ಫೆಬ್ರವರಿಯಲ್ಲಿ ಅಕ್ಕ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂಭ್ರಮ ಅರಮನೆಯಲ್ಲಿ ನಡೆಯುತ್ತಿತ್ತು. ಹಳೆಯ ಅರಮನೆಯ ಬಹುಭಾಗ ಮರದಿಂದ ಕಟ್ಟಿದ್ದು. ಮದುವೆಯ ಗದ್ದಲದ ನಡುವೆ ಬೆಂಕಿ ಹತ್ತಿಕೊಂಡಿತು. ಮರದ ಕಂಬ, ಮರದ ತೊಲೆ, ಮರದ ಮುಚ್ಚಿಗೆ. ಅದಕ್ಕೆ ಬಳಿದ ಎಣ್ಣೆ, ಬಣ್ಣ. ಭಾರತದ ಕಥೆಯಲ್ಲಿ ಪಾಂಡವರ ಅರಗಿನ ಮನೆ ಹೇಗೆ ಉರಿಯಿತೋ ಹಾಗೆಯೇ ಇದೂ ಉರಿದುಹೋಯಿತು. ಹನ್ನೆರಡು ವರ್ಷದ ದೊರೆ ತನ್ನ ಮನೆ ಬೂದಿಯಾಗುವುದನ್ನು ಕಂಡರು. ಹೊಸ ಅರಮನೆಯ ಯೋಜನೆಯನ್ನು ಹೆನ್ರಿ ಇರ್ವಿನ್ ಎಂಬ ಶಿಲ್ಪಿ ತಯಾರಿಸಿದಾಗ ಕಲ್ಲು, ಇಟ್ಟಿಗೆ, ಎರಕದ ಕಬ್ಬಿಣಗಳಿಗೆ ಪ್ರಾಧಾನ್ಯ ದೊರೆಯಿತು. ಸುಮಾರು 41 ಲಕ್ಷ ರೂಪಾಯಿ ವೆಚ್ಚದಲ್ಲಿ 1912ರಲ್ಲಿ ಪೂರ್ಣಗೊಂಡ ಆ ಅರಮನೆಯನ್ನೇ ಇಂದು ಲಕ್ಷಾಂತರ ಜನ ನೋಡಿ ಬೆರಗಾಗುತ್ತಾರೆ. ಅದರ ಎರಕದ ಕಂಬಗಳು ಬಂದದ್ದು ಸಮುದ್ರದಾಚೆಯ ಗ್ಲಾಸ್ಗೋ ನಗರದಿಂದ. ಸಂಸ್ಥಾನದ ಅರಮನೆಗೇ ಕಂಬವನ್ನು ಪರದೇಶದಿಂದ ತರಿಸಬೇಕಾಗಿದ್ದ ಕಾಲ ಅದು.

1902ರ ಆಗಸ್ಟ್ 8ರಂದು ವೈಸರಾಯ್ ಲಾರ್ಡ್ ಕರ್ಜನ್ ಮೈಸೂರಿಗೆ ಬಂದು ಕೃಷ್ಣರಾಜರಿಗೆ ಆಳುವ ಅಧಿಕಾರವನ್ನು ವಹಿಸಿಕೊಟ್ಟರು. ಅದೇ ವರ್ಷ ಶಿವನಸಮುದ್ರದ ಜಲಪಾತದಿಂದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು; 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಮುಂದಿನ ಮೂವತ್ತೆಂಟು ವರ್ಷಗಳಲ್ಲಿ ನಡೆದ ಕೆಲಸಗಳನ್ನೆಲ್ಲ ಇಲ್ಲಿ ವಿವರಿಸಲು ಸಾಧ್ಯವಿಲ್ಲ. ಭಾರತೀಯ ವಿಜ್ಞಾನ ಮಂದಿರಕ್ಕೆ ಭೂಮಿ, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, ಕನ್ನಂಬಾಡಿಯ ಅಣೆಕಟ್ಟು ಇವು ಮಕ್ಕಳಿಗೆಲ್ಲ ತಿಳಿದ ಸಂಗತಿಗಳೇ. ಈ ಪಾಠದ ವಿಷಯ ಅವುಗಳಿಗಿಂತ ಬಹಳ ಚಿಕ್ಕದು: ಒಂದು ಅರಗಿನ ಕಾರ್ಖಾನೆ. ಆದರೆ ಆ ಕಾರ್ಖಾನೆ ಏಕೆ ಹುಟ್ಟಿತೆಂಬುದನ್ನು ತಿಳಿಯಲು ಮೊದಲು ಶ್ರೀಗಂಧದ ಕಥೆಯನ್ನು ಕೇಳಬೇಕು.

ಮೈಸೂರಿನ ಗಂಧದ ಮರ ಲೋಕಪ್ರಸಿದ್ಧ. ಅದು ಕೊರಡಾಗಿಯೇ ಹಡಗನ್ನೇರಿ ಜರ್ಮನಿ ಮೊದಲಾದ ದೇಶಗಳಿಗೆ ಹೋಗುತ್ತಿತ್ತು. ಅಲ್ಲಿ ಅದರಿಂದ ಎಣ್ಣೆ ತೆಗೆದು, ಹಲವು ಪಟ್ಟು ಬೆಲೆಗೆ ಮಾರುತ್ತಿದ್ದರು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಶತ್ರುದೇಶಕ್ಕೆ ಸರಕು ಕಳಿಸುವಂತಿಲ್ಲ. ಗಂಧದ ಕೊರಡುಗಳು ಕೊಳ್ಳುವವರಿಲ್ಲದೆ ಕೋಠಿಗಳಲ್ಲಿ ರಾಶಿ ಬಿದ್ದವು. ಮರ ತನ್ನದು, ಆದರೆ ಅದರ ಬೆಲೆ ಇನ್ನೊಬ್ಬರ ಕೈಯಲ್ಲಿ ಎಂಬ ಸತ್ಯ ಆಗ ಎಲ್ಲರಿಗೂ ಅರಿವಾಯಿತು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರೂ ಮಹಾರಾಜರೂ ಕೈಕಟ್ಟಿ ಕೂರಲಿಲ್ಲ. ಬೆಂಗಳೂರಿನ ವಿಜ್ಞಾನ ಮಂದಿರದ ಆಚಾರ್ಯರಾದ ಸಡ್‌ಬರೋ ಮತ್ತು ವಾಟ್ಸನ್ ಅವರು ಎಣ್ಣೆ ಇಳಿಸುವ ವಿಧಾನವನ್ನು ಸಿದ್ಧಪಡಿಸಿದರು. 1916ರಲ್ಲಿ ಬೆಂಗಳೂರಿನಲ್ಲಿಯೂ ಮರುವರ್ಷ ಮೈಸೂರಿನಲ್ಲಿಯೂ ಗಂಧದೆಣ್ಣೆಯ ಕಾರ್ಖಾನೆಗಳು ಏರ್ಪಟ್ಟವು. ಹಿಂದೆಯೇ ಸಾಬೂನಿನ ಕಾರ್ಖಾನೆಯೂ ಬಂದಿತು. ಕಾಡಿನಿಂದ ಕಚ್ಚಾ ವಸ್ತುವಾಗಿ ಹೊರಟುಹೋಗುತ್ತಿದ್ದುದು ಸಿದ್ಧವಸ್ತುವಾಗಿ ನಾಡಿನ ಹೆಸರನ್ನು ಹೊತ್ತು ಹೊರಟಿತು.

ಎಲ್ಲ ಪ್ರಯತ್ನಗಳೂ ಹೀಗೆ ಬೇಗನೆ ಫಲಿಸಲಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆಯನ್ನು ಆರಂಭಿಸುವ ವೇಳೆಗೆ ಪ್ರಪಂಚದಲ್ಲಿ ಕಬ್ಬಿಣದ ಬೆಲೆ ಕುಸಿದಿತ್ತು. ಸಂಸ್ಥಾನದ ಹಣವೆಲ್ಲ ಕುಲುಮೆಗೆ ಸುರಿದಂತಾಯಿತೆಂದು ಟೀಕಿಸುವವರು ಹೆಚ್ಚಿದರು. ಇದಕ್ಕೆ ಮುಂಚೆ, 1918ರಲ್ಲಿ, ಹಿಂದುಳಿದ ವರ್ಗದವರಿಗೆ ಸರ್ಕಾರದ ಹುದ್ದೆಗಳಲ್ಲಿ ನ್ಯಾಯವಾದ ಪಾಲು ದೊರಕಿಸುವ ವಿಷಯದಲ್ಲಿ ಮಹಾರಾಜರಿಗೂ ವಿಶ್ವೇಶ್ವರಯ್ಯನವರಿಗೂ ಅಭಿಪ್ರಾಯಭೇದ ಉಂಟಾಗಿ ದಿವಾನರು ಅಧಿಕಾರವನ್ನು ತ್ಯಜಿಸಿದ್ದರು. ಆದರೂ ಭದ್ರಾವತಿ ನಷ್ಟಕ್ಕೆ ಸಿಕ್ಕಿದಾಗ ಮಹಾರಾಜರು ಕಾರ್ಖಾನೆಯನ್ನು ಮುಚ್ಚಿಸಲಿಲ್ಲ. ಬಿಟ್ಟುಹೋಗಿದ್ದ ವಿಶ್ವೇಶ್ವರಯ್ಯನವರನ್ನೇ ಬರಮಾಡಿಕೊಂಡು ಅದರ ಆಡಳಿತ ಮಂಡಳಿಯ ಅಧ್ಯಕ್ಷತೆಯನ್ನು ವಹಿಸಿದರು. ಅವರೂ ಹಳೆಯದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಬಂದರು. ಇಬ್ಬರ ದೊಡ್ಡತನವೂ ಕನ್ನಂಬಾಡಿಯ ಕಟ್ಟೆಗಿಂತ ಇಲ್ಲಿಯೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

1926ರಲ್ಲಿ ಬಾಲ್ಯದ ಸಹಪಾಠಿ ಮಿರ್ಜಾ ಇಸ್ಮಾಯಿಲ್ಲರು ದಿವಾನರಾದರು. ಅವರ ಕಾಲದಲ್ಲಿ ಮಂಡ್ಯದ ಸಕ್ಕರೆ, ಭದ್ರಾವತಿಯ ಕಾಗದ, ಬೆಂಗಳೂರಿನ ಪಿಂಗಾಣಿ ಮತ್ತು ವಿದ್ಯುದ್ದೀಪ, ಬೆಳಗೊಳದ ಗೊಬ್ಬರ ಹೀಗೆ ಕಾರ್ಖಾನೆಗಳು ಒಂದರ ಹಿಂದೆ ಒಂದು ತಲೆಯೆತ್ತಿದವು. ಆ ಸಾಲಿನಲ್ಲಿ 1937ರಲ್ಲಿ ಮೈಸೂರು ನಗರದಲ್ಲಿ ಪ್ರಾರಂಭವಾದುದೇ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್, ಅಂದರೆ ಅರಗು ಮತ್ತು ಬಣ್ಣದ ಕಾರ್ಖಾನೆ.

ಅರಗು ಎಂದರೇನು? ಅದು ಗಿಡದ ಅಂಟೆಂದು ಹಲವರು ತಿಳಿದಿದ್ದಾರೆ. ಆದರೆ ಅದು ಹುಳುವಿನ ಸೃಷ್ಟಿ. ಸಂಸ್ಕೃತದಲ್ಲಿ ಇದನ್ನು ಲಾಕ್ಷಾ ಎನ್ನುತ್ತಾರೆ. ಮುತ್ತುಗ, ಜಾಲಾರಿ, ಎಲಚಿ ಮೊದಲಾದ ಮರಗಳ ಎಳೆಯ ರೆಂಬೆಗಳ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕೀಟಗಳು ಗುಂಪಾಗಿ ನೆಲೆಸುತ್ತವೆ. ಅವು ಗಿಡದ ರಸವನ್ನು ಹೀರುತ್ತ, ಮೈಯಿಂದ ಒಂದು ಬಗೆಯ ರಾಳವನ್ನು ಸ್ರವಿಸುತ್ತವೆ. ಆ ರಾಳ ಗಾಳಿಗೆ ಗಟ್ಟಿಯಾಗಿ ಕೀಟಗಳ ಸುತ್ತ ಗೂಡಿನಂತೆ ಕವಿಯುತ್ತದೆ. ಕ್ರಮೇಣ ಕಡ್ಡಿಯ ಸುತ್ತಲೂ ಕೆಂಪು ಹೊಪ್ಪಳೆಯೊಂದು ಏರ್ಪಡುತ್ತದೆ. ಜನ ಆ ಕಡ್ಡಿಗಳನ್ನು ಕತ್ತರಿಸಿ ತಂದು, ಅರಗನ್ನು ಬಿಡಿಸಿ, ಪುಡಿಮಾಡಿ, ನೀರಿನಲ್ಲಿ ತೊಳೆಯುತ್ತಾರೆ. ತೊಳೆದ ನೀರಿನಲ್ಲಿ ಕೆಂಪು ಬಣ್ಣ ಇಳಿಯುತ್ತದೆ. ಹಿಂದಿನ ಕಾಲದಲ್ಲಿ ಬಟ್ಟೆಗೆ ಬಣ್ಣ ಕಟ್ಟಲು ಇದನ್ನು ಬಳಸುತ್ತಿದ್ದರು. ಉಳಿದ ಕಾಳುಗಳನ್ನು ಬಟ್ಟೆಯ ಚೀಲದಲ್ಲಿ ತುಂಬಿ ಕಾಯಿಸಿ ಹಿಂಡಿದರೆ ಶುದ್ಧವಾದ ಅರಗು ಹೊರಬರುತ್ತದೆ. ಅದನ್ನು ತೆಳ್ಳಗೆ ಹಾಳೆಯಂತೆ ಎಳೆದು ಆರಿಸಿದರೆ ಜೇನಿನ ಬಣ್ಣದ ಚಕ್ಕೆಗಳಾಗುತ್ತವೆ.

ಈ ಚಕ್ಕೆಗೆ ಎಷ್ಟೊಂದು ಉಪಯೋಗ! ಚನ್ನಪಟ್ಟಣದ ಬೊಂಬೆಗಳ ಹೊಳಪು ಅರಗಿನದು. ಬಡಗಿಗಳು ಇದನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬೀಟೆಯ ಮೇಜು ಕುರ್ಚಿಗಳಿಗೆ ಪಾಲಿಷ್ ಕೊಡುತ್ತಿದ್ದರು. ಖಜಾನೆಯ ಚೀಲ, ಅಂಚೆಯ ಲಕೋಟೆ, ನ್ಯಾಯಾಲಯದ ಕಾಗದದ ಕಟ್ಟು ಯಾವುದಕ್ಕೇ ಆಗಲಿ ಮುದ್ರೆಯೊತ್ತಲು ಅರಗೇ ಬೇಕು. ಹಾಡಿನ ತಟ್ಟೆಗಳೂ ಆಗ ಅರಗಿನಿಂದಲೇ ಆಗುತ್ತಿದ್ದವು. ವೀಣೆ ಶೇಷಣ್ಣ, ಬಿಡಾರಂ ಕೃಷ್ಣಪ್ಪ, ವಾಸುದೇವಾಚಾರ್ಯರಂಥ ವಿದ್ವಾಂಸರಿಗೆ ಆಶ್ರಯವಿತ್ತ, ತಾವೂ ಹಲವು ವಾದ್ಯಗಳನ್ನು ನುಡಿಸಬಲ್ಲವರಾಗಿದ್ದ ಕೃಷ್ಣರಾಜರ ಕಾಲದಲ್ಲಿ ಗ್ರಾಮಫೋನು ಹಾಡಿದ ಹಾಡೆಲ್ಲ ಹುಳುವಿನ ರಾಳದ ಮೇಲೆ ಕೆತ್ತಿದ್ದೇ ಆಗಿತ್ತು.

ಆದರೆ ಅಷ್ಟರಲ್ಲಿಯೇ ಪ್ರಪಂಚದ ಇನ್ನೊಂದು ಕಡೆ ಅರಗಿಗೆ ಪ್ರತಿಸ್ಪರ್ಧಿಗಳು ಹುಟ್ಟಿದ್ದವು. ವಿದ್ಯುದ್ಯಂತ್ರಗಳ ತಂತಿಗೆ ಬಳಿಯಲು ಅರಗು ಹೇರಳವಾಗಿ ಬೇಕಾಗುತ್ತಿತ್ತು. ಅದರ ಬೆಲೆ ಏರಿತು. ಬೆಲ್ಜಿಯಂ ದೇಶದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಲಿಯೋ ಬೇಕ್‌ಲ್ಯಾಂಡ್ ಎಂಬ ರಸಾಯನ ವಿಜ್ಞಾನಿ ಅರಗಿಗೆ ಬದಲಿ ವಸ್ತುವನ್ನು ಹುಡುಕುತ್ತ ಹೊರಟು, 1907ರಲ್ಲಿ ಬೇಕಲೈಟನ್ನು ಕಂಡುಹಿಡಿದರು. ಅನಂತರ ಕೃತಕ ರಾಳಗಳು ಒಂದೊಂದಾಗಿ ಬಂದವು. ಮೈಸೂರಿನ ಅರಗಿನ ಕಾರ್ಖಾನೆ ಪ್ರಾರಂಭವಾಗುವ ವೇಳೆಗೆ ಅಮೆರಿಕದಲ್ಲಿ ಕಾರ್ಲ್‌ಟನ್ ಎಲ್ಲಿಸ್ ಎಂಬವರು ಅಪರ್ಯಾಪ್ತ ಪಾಲಿಯೆಸ್ಟರ್ ರಾಳಗಳ ಮೇಲೆ ಕೆಲಸ ಮಾಡುತ್ತಿದ್ದರು. ಜರ್ಮನಿಯಲ್ಲಿ ಓಟೋ ರೋಮ್ ಅವರ ಕಂಪನಿ ಅಕ್ರಿಲಿಕ್ ರಾಳದಿಂದ ಗಾಜಿನಂತೆ ಪಾರದರ್ಶಕವಾದ ಹಲಗೆಗಳನ್ನು ಮಾರುತ್ತಿತ್ತು. ಹೀಗೆ ನೋಡಿದರೆ ಅರಗನ್ನೇ ನಂಬಿ ಕಾರ್ಖಾನೆ ಕಟ್ಟುವುದಕ್ಕೆ 1937 ಒಳ್ಳೆಯ ಮುಹೂರ್ತವಾಗಿರಲಿಲ್ಲ. ಅರಗಿನ ಜೊತೆಗೆ ಬಣ್ಣ, ವಾರ್ನಿಷುಗಳನ್ನು ಸೇರಿಸಿದ್ದೇ ಆ ಕಾರ್ಖಾನೆಯನ್ನು ಉಳಿಸಿತು.

ಬಣ್ಣ ಎಂಬುದು ಕೇವಲ ಅಂದಕ್ಕಾಗಿ ಬಳಿಯುವ ವಸ್ತುವಲ್ಲ. ಮಲೆನಾಡಿನ ಅಂಚಿನ ಪಿರಿಯಾಪಟ್ಟಣ, ಹುಣಸೂರುಗಳಲ್ಲಿ ಮಳೆಗಾಲ ಕಳೆದ ಮೇಲೆ ಬಾಗಿಲು ಕಿಟಕಿಗಳನ್ನು ನೋಡಿದರೆ ಇದು ತಿಳಿಯುತ್ತದೆ. ಮರ ನೀರು ಕುಡಿದು ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಗೆದ್ದಲಿಗೆ ಆಹಾರವಾಗುತ್ತದೆ. ಕಬ್ಬಿಣ ತುಕ್ಕು ಹಿಡಿಯುತ್ತದೆ. ಅಗಸೆ ಎಣ್ಣೆಯನ್ನು ಕಾಯಿಸಿ ಅದರಲ್ಲಿ ರಾಳವನ್ನು ಕರಗಿಸಿದರೆ ವಾರ್ನಿಷ್ ಆಗುತ್ತದೆ. ಅದನ್ನು ಬಳಿದಾಗ ಎಣ್ಣೆಯು ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾದ ಪೊರೆಯಾಗುತ್ತದೆ. ರಾಳವು ಆ ಪೊರೆಗೆ ಹೊಳಪನ್ನೂ ಬಿಗಿಯನ್ನೂ ಕೊಡುತ್ತದೆ. ಇದಕ್ಕೆ ಕಾವಿಯನ್ನೋ ಸತುವಿನ ಬಿಳಿಯನ್ನೋ ನುಣ್ಣಗೆ ಅರೆದು ಬೆರೆಸಿದರೆ ಬಣ್ಣ ಸಿದ್ಧ. ಕಡುಬಡವನ ಮನೆಯ ಒಂಟಿ ಬಾಗಿಲೂ ಹತ್ತು ವರ್ಷ ಹೆಚ್ಚು ಬಾಳುವುದು ಇಂಥ ಪೊರೆಯಿಂದ. ಅದನ್ನು ಪರದೇಶದ ಡಬ್ಬಿಯಿಂದ ಕೊಳ್ಳುವ ಬದಲು ನಾಡಿನಲ್ಲಿಯೇ ಮಾಡಬಹುದೆಂದು ಈ ಕಾರ್ಖಾನೆ ತೋರಿಸಿತು.

ಮಿತಭಾಷಿಗಳೂ ದೈವಭಕ್ತರೂ ಆಗಿದ್ದ ಕೃಷ್ಣರಾಜರು 1931ರಲ್ಲಿ ಕೈಲಾಸ ಮಾನಸ ಸರೋವರಗಳ ಯಾತ್ರೆಯನ್ನು ಮಾಡಿದರು. ಗಾಂಧೀಜಿಯವರು ಅವರನ್ನು ರಾಜರ್ಷಿ ಎಂದು ಗೌರವಿಸಿದರು. ಆದರೆ ಅವರ ಆಳ್ವಿಕೆಯ ಕೊನೆಯ ವರ್ಷಗಳನ್ನು ಹೇಳುವಾಗ ಒಂದು ನೋವಿನ ಪ್ರಸಂಗವನ್ನು ಮರೆಮಾಚುವುದು ಸರಿಯಲ್ಲ. ಪ್ರಜಾಪ್ರತಿನಿಧಿ ಸಭೆ ಮೈಸೂರಿನಲ್ಲಿ 1881ರಿಂದಲೂ ಇತ್ತು. 1907ರಲ್ಲಿ ನ್ಯಾಯವಿಧಾಯಕ ಸಭೆಯೂ ಸೇರಿತು. ಆದರೆ ಮತದ ಹಕ್ಕು ಆಸ್ತಿ, ವಿದ್ಯೆ ಉಳ್ಳ ಕೆಲವರಿಗೆ ಮಾತ್ರ ಇತ್ತು, ದಿವಾನರು ಸಭೆಗೆ ಹೊಣೆಯಾಗಿರಲಿಲ್ಲ. ಜವಾಬ್ದಾರಿ ಸರ್ಕಾರ ಬೇಕೆಂಬ ಕೂಗು ಬಲವಾಯಿತು. 1938ರ ಏಪ್ರಿಲ್ ತಿಂಗಳಲ್ಲಿ ಶಿವಪುರದಲ್ಲಿ ನಿಷೇಧವನ್ನು ಮೀರಿ ರಾಷ್ಟ್ರಧ್ವಜವನ್ನು ಹಾರಿಸಿದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ನೆರೆದಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ ಹಲವರು ಪ್ರಾಣ ಕಳೆದುಕೊಂಡರು. ಕಾರ್ಖಾನೆ, ಶಾಲೆ, ಕಾಲುವೆಗಳನ್ನು ಕೊಟ್ಟ ಆಳ್ವಿಕೆ ತನ್ನನ್ನು ತಾನೇ ಆಳಿಕೊಳ್ಳುವ ಹಕ್ಕನ್ನು ಜನರಿಗೆ ಕೊಡಲು ಹಿಂಜರಿಯಿತು. ಮಾದರಿ ಮೈಸೂರೆಂಬ ಕೀರ್ತಿಯ ಪಕ್ಕದಲ್ಲಿ ಇದನ್ನೂ ಬರೆದಿಡಬೇಕಾಗುತ್ತದೆ.

1940ರ ಮಾರ್ಚಿಯಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ತೀರಿಕೊಂಡರು. ಮಕ್ಕಳಿಲ್ಲದ ಕೃಷ್ಣರಾಜರಿಗೆ ತಮ್ಮನ ಅಗಲಿಕೆ ದೊಡ್ಡ ಪೆಟ್ಟಾಯಿತು. ಐದು ತಿಂಗಳು ಕಳೆಯುವುದರೊಳಗೆ, ಆಗಸ್ಟ್ 3ರಂದು, ಅವರೂ ಬೆಂಗಳೂರಿನ ಅರಮನೆಯಲ್ಲಿ ನಿಧನರಾದರು. ತಮ್ಮನ ಮಗ ಜಯಚಾಮರಾಜೇಂದ್ರ ಒಡೆಯರು ಪಟ್ಟಕ್ಕೆ ಬಂದರು.

ಸ್ವಾತಂತ್ರ್ಯ ಬಂದ ಮೇಲೆ ಅರಗಿನ ಕಾರ್ಖಾನೆ ಸರ್ಕಾರದ ಉದ್ಯಮವಾಯಿತು. ಮನೆಮನೆಗೂ ಬೇಕಾಗಿದ್ದ ಅರಗಿನ ಬಳಕೆ ಕಡಿಮೆಯಾಗುತ್ತ ಬಂದಿತು. ಗ್ರಾಮಫೋನಿನ ತಟ್ಟೆಗಳು ಪ್ಲಾಸ್ಟಿಕ್ಕಿನವಾದವು. ಬಣ್ಣದ ಡಬ್ಬಿಯೊಳಗೆ ಆಲ್ಕಿಡ್, ಪಾಲಿಯೆಸ್ಟರ್, ಅಕ್ರಿಲಿಕ್ ರಾಳಗಳು ಬಂದು ಕುಳಿತವು. ಸೋಜಿಗವೆಂದರೆ, ರಸಾಯನಶಾಸ್ತ್ರದ ದೃಷ್ಟಿಯಲ್ಲಿ ಅರಗು ಕೂಡ ಪಾಲಿಯೆಸ್ಟರ್ ಜಾತಿಯದೇ. ಆಮ್ಲಗಳೂ ಆಲ್ಕೊಹಾಲ್ ಗುಂಪುಗಳೂ ಸರಪಣಿಯಂತೆ ಹೆಣೆದುಕೊಂಡು ಆದ ವಸ್ತು. ಮನುಷ್ಯ ಕುಲುಮೆಯಲ್ಲಿ ಮಾಡಿದ್ದನ್ನು ಹುಳು ಮುತ್ತುಗದ ಕೊಂಬೆಯ ಮೇಲೆ ಸದ್ದಿಲ್ಲದೆ ಮಾಡುತ್ತಿತ್ತು. ಅಪರ್ಯಾಪ್ತ ಪಾಲಿಯೆಸ್ಟರಿನ ಸರಪಣಿಗಳಲ್ಲಿ ಇನ್ನೂ ಕೈಹಿಡಿಯಲು ಕಾದಿರುವ ಕೊಂಡಿಗಳಿರುತ್ತವೆ. ಪಾಕದಂತಿರುವ ಆ ರಾಳಕ್ಕೆ ಗಟ್ಟಿಕಾರಕವನ್ನು ಸ್ವಲ್ಪ ಬೆರೆಸಿದರೆ ಕೊಂಡಿಗಳು ಒಂದಕ್ಕೊಂದು ಸೇರಿ ಬಲೆಯಾಗಿ, ಮತ್ತೆ ಕರಗದಂತೆ ಕಲ್ಲಾಗುತ್ತದೆ. ಗಾಜಿನ ನಾರನ್ನು ಅದರಲ್ಲಿ ಹಾಸಿ ದೋಣಿ, ನೀರಿನ ತೊಟ್ಟಿ, ಛಾವಣಿಗಳನ್ನು ಮಾಡುತ್ತಾರೆ. ಅಕ್ರಿಲಿಕ್ಕಿನ ದಾರಿ ಬೇರೆ. ಅದರ ಸಣ್ಣ ಕಣಗಳು ನೀರಿನಲ್ಲಿ ಹಾಲಿನಂತೆ ತೇಲುತ್ತಿರುತ್ತವೆ. ಗೋಡೆಗೆ ಬಳಿದಾಗ ನೀರು ಆರಿ ಕಣಗಳು ಬೆಸೆದುಕೊಂಡು ಬಿಸಿಲಿಗೆ ಹಳದಿಯಾಗದ ಪೊರೆಯಾಗುತ್ತದೆ.

ಹೀಗೆ ಕಾಲ ಬದಲಾದಾಗ ಮೈಸೂರಿನ ಈ ಚಿಕ್ಕ ಕಾರ್ಖಾನೆಗೆ ಅನಿರೀಕ್ಷಿತವಾದ ಒಂದು ಕೆಲಸ ದೊರೆಯಿತು. ಪ್ರಾಪ್ತವಯಸ್ಕರಿಗೆಲ್ಲ ಮತದ ಹಕ್ಕು ಬಂದ ದೇಶದಲ್ಲಿ ಒಬ್ಬನೇ ಎರಡು ಸಲ ಮತ ಹಾಕುವುದನ್ನು ತಡೆಯುವುದು ಹೇಗೆ? ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ವಿಜ್ಞಾನಿಗಳು ಅಳಿಸಲಾಗದ ಶಾಯಿಯೊಂದನ್ನು ರೂಪಿಸಿದರು. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ತಗುಲಿ ಬೆಳಕು ಬಿದ್ದೊಡನೆ ಕಪ್ಪಾಗಿ ನಿಲ್ಲುತ್ತದೆ. ಸಾಬೂನಿಗೂ ಎಣ್ಣೆಗೂ ಬಗ್ಗುವುದಿಲ್ಲ. ಉಗುರೂ ಚರ್ಮವೂ ಬೆಳೆದು ಹಳೆಯದು ಉದುರಿದ ಮೇಲೆಯೇ ಗುರುತು ಹೋಗುವುದು. ಆ ಶಾಯಿಯನ್ನು ತಯಾರಿಸುವ ಹೊಣೆ ಮೈಸೂರಿನ ಕಾರ್ಖಾನೆಗೆ ಬಂದಿತು. 1962ರ ಮಹಾಚುನಾವಣೆಯಲ್ಲಿ ಅದನ್ನು ಮೊದಲ ಬಾರಿಗೆ ಬಳಸಲಾಯಿತು. ಮುಂದೆ ಇಪ್ಪತ್ತೈದಕ್ಕೂ ಹೆಚ್ಚು ದೇಶಗಳು ಈ ಶಾಯಿಯನ್ನು ತರಿಸಿಕೊಂಡವು. 1989ರಲ್ಲಿ ಕಾರ್ಖಾನೆಯ ಹೆಸರು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂದಾಯಿತು. ಅರಗು ಹೆಸರಿನಿಂದ ಹೋದರೂ ಮುದ್ರೆಯ ಅರಗನ್ನು ಕಾರ್ಖಾನೆ ಬಿಡಲಿಲ್ಲ.

ಕೃಷ್ಣರಾಜನಗರದ ಗದ್ದೆಬಯಲಿನ ರೈತನೂ, ಹುಣಸೂರಿನ ಹೊಗೆಸೊಪ್ಪಿನ ಕೂಲಿಯಾಳೂ, ಪಿರಿಯಾಪಟ್ಟಣದ ವ್ಯಾಪಾರಿಯೂ, ಹೆಗ್ಗಡದೇವನಕೋಟೆಯ ಹಾಡಿಯ ಜೇನುಕುರುಬರ ಮುದುಕಿಯೂ ಮತದಾನದ ದಿನ ಸಾಲಿನಲ್ಲಿ ನಿಂತು ಎಡಗೈಯ ತೋರುಬೆರಳನ್ನು ಮುಂದೆ ಚಾಚುತ್ತಾರೆ. ಮತಗಟ್ಟೆಯ ಅಧಿಕಾರಿ ಕಡ್ಡಿಯನ್ನು ಸೀಸೆಯೊಳಗೆ ಅದ್ದಿ ಉಗುರಿನ ಬುಡದಿಂದ ಒಂದು ಗೆರೆ ಎಳೆಯುತ್ತಾನೆ. ಆ ಶಾಯಿ ಬರುವುದು ಮೈಸೂರಿನ ಬನ್ನಿಮಂಟಪದ ಬಳಿ, 1937ರಲ್ಲಿ ಅರಸರ ಕಾಲದಲ್ಲಿ ಹುಟ್ಟಿದ ಅದೇ ಕಾರ್ಖಾನೆಯಿಂದ.